ಓದಿನ ನಡುವೆ ಒಂದು ವರ್ಷ ಸೇವೆಗೆ

ಪದವಿ ಓದುತ್ತಿರುವ ಮಗನೋ ಮಗಳೋ ‘ಒಂದು ವರ್ಷ ಕಾಲೇಜು ಬಿಟ್ಟು ಹಳ್ಳಿಯಲ್ಲಿ ಕೆಲಸ ಮಾಡುತ್ತೇನೆ’ ಎಂದರೆ ಮನೆಯಲ್ಲಿ ಮೊದಲು ಕೇಳಿಬರುವ ಮಾತು: ‘ವರ್ಷ ಹಾಳಾಗುತ್ತದೆ.’ ಫೇಲಾದವರಿಗೂ ಕಾಯಿಲೆ ಬಿದ್ದವರಿಗೂ ಹೇಳುವ ಮಾತೇ ಇದು. ಆದರೆ ಇಂಥ ಒಂದು ವರ್ಷವನ್ನು ಕಾಲೇಜು ಸೇರುವ ಎಲ್ಲರಿಗೂ ಕಡ್ಡಾಯ ಮಾಡಬೇಕೆಂದು ಸರ್ಕಾರವೇ ನೇಮಿಸಿದ ಸಮಿತಿಯೊಂದು ಹಿಂದೆ ಹೇಳಿತ್ತು.

1959ರಲ್ಲಿ ಕೇಂದ್ರ ಸರ್ಕಾರ ರಚಿಸಿದ ಆ ಸಮಿತಿಯ ಅಧ್ಯಕ್ಷರು ಸಿ.ಡಿ. ದೇಶಮುಖ್. ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್, ಹಣಕಾಸು ಸಚಿವರಾಗಿದ್ದವರು. ಪ್ರೌಢಶಿಕ್ಷಣ ಮುಗಿಸಿ ಕಾಲೇಜು ಸೇರಬಯಸುವವರು ಒಂಬತ್ತು ತಿಂಗಳಿಂದ ಒಂದು ವರ್ಷದವರೆಗೆ ರಾಷ್ಟ್ರಸೇವೆ ಮಾಡಬೇಕು ಎಂಬುದು ಸಮಿತಿಯ ಶಿಫಾರಸು. ಖರ್ಚು ಮತ್ತು ವ್ಯವಸ್ಥೆಯ ತೊಡಕುಗಳಿಂದಾಗಿ ಅದು ಕಾಗದದಲ್ಲೇ ಉಳಿಯಿತು. ಅನಂತರ ಹಲವು ದೇಶಗಳ ಪದ್ಧತಿಯನ್ನು ಪರಿಶೀಲಿಸಿದ ಕೆ.ಜಿ. ಸೈಯಿದೈನ್, ಸೇವೆ ಸ್ವಇಚ್ಛೆಯದಾಗಿರಲಿ ಎಂದರು.

ಕೊನೆಗೆ ಜಾರಿಗೆ ಬಂದದ್ದು ರಾಷ್ಟ್ರೀಯ ಸೇವಾ ಯೋಜನೆ, ನಮ್ಮ ಕಾಲೇಜುಗಳ ಎನ್ನೆಸ್ಸೆಸ್. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು ಅದನ್ನು ಆರಂಭಿಸಿದವರು ಆಗಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್, ಲೋಕಸಭೆಯಲ್ಲಿ ಬಳ್ಳಾರಿಯ ಪ್ರತಿನಿಧಿ. ಮೊದಲಿಗೆ 37 ವಿಶ್ವವಿದ್ಯಾಲಯಗಳ 40 ಸಾವಿರ ವಿದ್ಯಾರ್ಥಿಗಳು ಇದರಲ್ಲಿ ಸೇರಿದ್ದರು.

ಇಲ್ಲಿ ಒಂದು ದೊಡ್ಡ ಬದಲಾವಣೆ ಸದ್ದಿಲ್ಲದೆ ನಡೆದುಹೋಯಿತು. ದೇಶಮುಖ್ ಸಮಿತಿ ವರ್ಷದ ಲೆಕ್ಕದಲ್ಲಿ ಯೋಚಿಸಿತ್ತು; ಎನ್ನೆಸ್ಸೆಸ್ ಗಂಟೆಯ ಲೆಕ್ಕಕ್ಕೆ ಇಳಿಯಿತು. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ, ಜೊತೆಗೆ ಏಳು ದಿನಗಳ ಶಿಬಿರ. ಇದರಿಂದ ಓದು ನಿಲ್ಲದೆ ಲಕ್ಷಾಂತರ ಮಂದಿಗೆ ಹಳ್ಳಿಯ ಪರಿಚಯವಾಯಿತು, ನಿಜ. ಆದರೆ ಶಿಬಿರದಲ್ಲಿ ತೋಡಿದ ಚರಂಡಿ ಮಳೆಗಾಲದಲ್ಲಿ ನೀರು ಹರಿಸಿತೇ, ನೆಟ್ಟ ಸಸಿ ಬೇಸಿಗೆ ದಾಟಿತೇ ಎಂಬುದನ್ನು ನೋಡಲು ಶಿಬಿರಾರ್ಥಿ ಅಲ್ಲಿರುವುದಿಲ್ಲ. ಬಿತ್ತನೆ, ಸುಗ್ಗಿ, ಜಾತ್ರೆ, ನೀರಿನ ಬರ ಎಲ್ಲವೂ ಸೇರಿಯೇ ಹಳ್ಳಿಯ ಒಂದು ಸುತ್ತು. ಅದನ್ನು ಕಾಣಲು ವರ್ಷವೇ ಬೇಕು.

ಆ ವರ್ಷ ಎಲ್ಲಿರಬೇಕು? ದೇಶಮುಖ್ ಸಮಿತಿ ಕಾಲೇಜಿನ ಮೊದಲು ಇಟ್ಟಿತು. ಅಂತರ್ಯುದ್ಧದಿಂದ ಹೊರಬಂದ ನೈಜೀರಿಯ 1973ರಲ್ಲಿ ಪದವಿಯ ನಂತರ ಇಟ್ಟು, ಯುವಕರನ್ನು ಸ್ವಂತ ರಾಜ್ಯ ಬಿಟ್ಟು ಬೇರೆಡೆ ಕಳುಹಿಸಿತು. ಓದಿನ ನಡುವೆ ಬರುವ ವರ್ಷಕ್ಕೆ ಇವೆರಡಕ್ಕೂ ಇಲ್ಲದ ಗುಣವಿದೆ: ಹೋದವರು ತರಗತಿಗೆ ಮರಳುತ್ತಾರೆ. ಪಡಿತರ ಅಂಗಡಿಯ ಸಾಲಿನಲ್ಲಿ ನಿಂತು ಬಂದ ಅರ್ಥಶಾಸ್ತ್ರದ ವಿದ್ಯಾರ್ಥಿ ಅಧ್ಯಾಪಕರನ್ನು ಕೇಳುವ ಪ್ರಶ್ನೆಯೇ ಬೇರೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಇದಕ್ಕೊಂದು ಕಿಂಡಿ ತೆರೆಯಿತು. ಪದವಿಯ ನಡುವೆ ಹೊರಹೋಗಿ ಮರಳಿ ಬರಬಹುದು ಎಂದಿತು. ಗಳಿಸಿದ ಕ್ರೆಡಿಟ್‌ಗಳನ್ನು ಏಳು ವರ್ಷದವರೆಗೆ ಕಾಯ್ದಿಡುವ ಬ್ಯಾಂಕಿಗೆ ಯುಜಿಸಿ 2021ರಲ್ಲಿ ನಿಯಮ ರೂಪಿಸಿತು. ಆ ನೀತಿಯನ್ನು ಮೊದಲು ಜಾರಿಗೆ ತಂದ ಕರ್ನಾಟಕ 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿತು. ಹಾಗಾಗಿ ಇಲ್ಲಿನ ವಿದ್ಯಾರ್ಥಿಗಳು ತಮ್ಮ ವಿಶ್ವವಿದ್ಯಾಲಯದ ನಿಯಮವನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ನಿಯಮ ಒಪ್ಪಿದರೂ ಮನೆಯ ಲೆಕ್ಕ ಒಪ್ಪಬೇಕಲ್ಲ! ಮಗನ ಸಂಬಳಕ್ಕಾಗಿ ಕಾದಿರುವ ಕುಟುಂಬಕ್ಕೆ ಒಂದು ವರ್ಷವೆಂದರೆ ಹನ್ನೆರಡು ಸಂಬಳ. ವಿದ್ಯಾರ್ಥಿವೇತನ, ಹಾಸ್ಟೆಲ್, ಬಸ್ ಪಾಸ್ ಇವೆಲ್ಲ ಕಾಲೇಜಿನ ಹಾಜರಿ ಪುಸ್ತಕಕ್ಕೆ ಅಂಟಿಕೊಂಡಿವೆ. ಎಷ್ಟೋ ಹೆಣ್ಣುಮಕ್ಕಳಿಗೆ ‘ಒಂದು ವರ್ಷ ಬಿಡುವು’ ಎಂದರೆ ಮದುವೆಯ ಮಾತುಕತೆಗೆ ಪೀಠಿಕೆ. ಊಟ, ವಸತಿ, ಒಂದಿಷ್ಟು ಭತ್ಯೆ, ಮರಳಿ ಬಂದಾಗ ಸೀಟು ಇರುತ್ತದೆಂಬ ಲಿಖಿತ ಭರವಸೆ—ಇವಿಲ್ಲದ ಸೇವಾವರ್ಷ ಉಳ್ಳವರ ಮಕ್ಕಳ ಪಾಲಿಗಷ್ಟೇ ಉಳಿದೀತು.

ಹಳ್ಳಿಯ ಬದುಕಿನ ಕಷ್ಟವನ್ನು ಸೇವೆಗೆ ಹೋಗಿ ಕಲಿಯಬೇಕಾದ ಅಗತ್ಯ ಬಡವರ ಮಕ್ಕಳಿಗಿಲ್ಲ ಎನ್ನುವವರೂ ಇದ್ದಾರೆ. ಆದರೆ ತನ್ನ ಊರಿನ ಕಷ್ಟವನ್ನು ಸಹಿಸುವುದು ಬೇರೆ, ಇನ್ನೊಂದು ಊರಿನ ಕಷ್ಟವನ್ನು ಬಿಡಿಸಲು ಕೂರುವುದು ಬೇರೆ. ಎರಡನೆಯದರಿಂದ ಬರುವ ಆತ್ಮವಿಶ್ವಾಸ ಅವರಿಗೂ ಸಲ್ಲಬೇಕು. ಅದಕ್ಕೆ ತಗಲುವ ಖರ್ಚನ್ನು ಸಮಾಜ ಹೊತ್ತಾಗ ಮಾತ್ರ ‘ವರ್ಷ ಹಾಳಾಯಿತು’ ಎಂಬ ಮಾತು ಮನೆಗಳಿಂದ ಹೊರಬಿದ್ದೀತು.