ಒಬ್ಬ ಮಂಜುನಾಥ, ಮೂರು ಹೆಸರು: ಮೆಡಿಕಲ್ ಜರ್ನಲ್‌ಗೆ ರೆಫರೆನ್ಸ್ ಬರೆಯೋದು ಹೇಗೆ?

ಎಕ್ಸ್-ರೇ ನೋಡಿ ನ್ಯುಮೋನಿಯಾ ಗುರುತಿಸೋದು, ಇಸಿಜಿಯಲ್ಲಿ ಏರುಪೇರು ಹಿಡಿಯೋದು, ಹೀಗೆ ವೈದ್ಯಕೀಯಕ್ಕೆ ಸಂಬಂಧಪಟ್ಟ ಪ್ರಾಜೆಕ್ಟ್‌ಗಳನ್ನು ನಮ್ಮಲ್ಲಿ ಬಹಳ ಜನ ಮಾಡ್ತಾರೆ. ಕೆಲಸ ಚೆನ್ನಾಗಿ ಬಂದರೆ ಜೊತೆಗಿರುವ ಡಾಕ್ಟರು "ಇದನ್ನ ಮೆಡಿಕಲ್ ಜರ್ನಲ್‌ಗೆ ಕಳಿಸೋಣ" ಅಂತಾರೆ. ಆಗ ನಾವು ಕಲಿತ ಐಇಇಇ ಪದ್ಧತಿಯ ರೆಫರೆನ್ಸ್ ಅಲ್ಲಿ ನಡೆಯೋದಿಲ್ಲ. ಅಲ್ಲಿ ಬೇಕಾಗಿರೋದು ವ್ಯಾಂಕೂವರ್ ಪದ್ಧತಿ. ಅದರ ನಿಯಮಗಳು ಕಷ್ಟದವಲ್ಲ. ಆದರೆ ನಮ್ಮ ಕನ್ನಡದ ಹೆಸರುಗಳು ಅದರೊಳಗೆ ಸುಲಭವಾಗಿ ಕೂರೋದಿಲ್ಲ. ಈ ಲೇಖನ ಬರೆದದ್ದು ಮುಖ್ಯವಾಗಿ ಅದಕ್ಕೇ.

ಈ ಹೆಸರು ಬಂದದ್ದೆಲ್ಲಿಂದ?

1978ರಲ್ಲಿ ಕೆಲವು ವೈದ್ಯಕೀಯ ಜರ್ನಲ್‌ಗಳ ಸಂಪಾದಕರು ಕೆನಡಾದ ವ್ಯಾಂಕೂವರ್ ನಗರದಲ್ಲಿ ಸೇರಿದರು. ಒಂದೊಂದು ಜರ್ನಲ್‌ಗೂ ಒಂದೊಂದು ಥರ ಹಸ್ತಪ್ರತಿ ತಯಾರಿಸೋ ಗೋಳು ಲೇಖಕರಿಗೆ ತಪ್ಪಲಿ ಅನ್ನೋದು ಅವರ ಉದ್ದೇಶ. ಅವರ ನಿಯಮಗಳು 1979ರಲ್ಲಿ ಪ್ರಕಟವಾದವು. ರೆಫರೆನ್ಸ್ ಬರೆಯುವ ಮಾದರಿಯನ್ನು ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ಸಿದ್ಧಪಡಿಸಿತು. ನಾವೆಲ್ಲ ಹುಡುಕಾಡುವ ಪಬ್‌ಮೆಡ್ ಕೂಡ ಇದೇ ಗ್ರಂಥಾಲಯದ್ದು.

ಒಂದು ರೆಫರೆನ್ಸ್ ಬಿಡಿಸಿ ನೋಡೋಣ

ನಮ್ಮ ಹಾವೇರಿಗೆ ಹೊಂದಿಕೊಂಡಿರುವ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಪತ್ತೆಯಾಯ್ತು. ಅದರ ಬಗ್ಗೆ ಬಂದಿರುವ ಒಂದು ವಿಮರ್ಶಾ ಲೇಖನ ತಗೊಳ್ಳೋಣ. ಪೇಪರಿನಲ್ಲಿ ಇದು ಇಂಗ್ಲಿಷ್ ಅಕ್ಷರದಲ್ಲೇ ಇರ್ತದೆ, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ:

ಪಟ್ನಾಯಕ್ ಪಿ. ಕ್ಯಾಸನೂರ್ ಫಾರೆಸ್ಟ್ ಡಿಸೀಸ್: ಆನ್ ಎಪಿಡೆಮಿಯಾಲಜಿಕಲ್ ವ್ಯೂ ಇನ್ ಇಂಡಿಯಾ. ರೆವ್ ಮೆಡ್ ವೈರಾಲ್. 2006;16(3):151-65.

ಮೊದಲು ಅಡ್ಡಹೆಸರು, ಆಮೇಲೆ ಇನಿಷಿಯಲ್. ನಡುವೆ ಅಲ್ಪವಿರಾಮ ಇಲ್ಲ, ಇನಿಷಿಯಲ್‌ಗಳ ನಡುವೆ ಚುಕ್ಕಿಯೂ ಇಲ್ಲ. ನಂತರ ಲೇಖನದ ಶೀರ್ಷಿಕೆ. ಅದಕ್ಕೆ ಉದ್ಧರಣ ಚಿಹ್ನೆ ಬೇಡ, ಮೊದಲ ಪದ ಮತ್ತು ಅಂಕಿತನಾಮಗಳಿಗೆ ಮಾತ್ರ ದೊಡ್ಡಕ್ಷರ. ಆಮೇಲೆ ಜರ್ನಲ್‌ನ ಸಂಕ್ಷಿಪ್ತ ಹೆಸರು. ಈ ಸಂಕ್ಷೇಪವನ್ನು ನಮಗೆ ತೋಚಿದ ಹಾಗೆ ಮಾಡೋ ಹಾಗಿಲ್ಲ, ಅದೇ ಗ್ರಂಥಾಲಯದ ಕ್ಯಾಟಲಾಗ್ ನೋಡಿ ಬರೀಬೇಕು. ಕೊನೆಗೆ ವರ್ಷ, ಸಂಪುಟ, ಆವರಣದಲ್ಲಿ ಸಂಚಿಕೆ, ಪುಟಗಳು. 151-165 ಅನ್ನೋದು 151-65 ಆಗ್ತದೆ.

ಐಇಇಇ ಪದ್ಧತಿಯಲ್ಲಿ ಇನಿಷಿಯಲ್ ಮೊದಲು, ಅಡ್ಡಹೆಸರು ಆಮೇಲೆ, ಶೀರ್ಷಿಕೆಗೆ ಉದ್ಧರಣ ಚಿಹ್ನೆ. ಎರಡಕ್ಕೂ ಸಾಮಾನ್ಯವಾದ ಅಂಶವೂ ಒಂದಿದೆ: ಬರಹದಲ್ಲಿ ಯಾವ ರೆಫರೆನ್ಸ್ ಮೊದಲು ಬರ್ತದೋ ಅದಕ್ಕೆ 1, ಆಮೇಲಿನದಕ್ಕೆ 2. ಅದೇ ಲೇಖನ ಮತ್ತೆ ಬಂದರೆ ಹಳೇ ಸಂಖ್ಯೆಯೇ. ಟೇಬಲ್ ಒಳಗೆ ಮಾತ್ರ ಬರುವ ರೆಫರೆನ್ಸ್‌ಗೆ, ಆ ಟೇಬಲ್‌ನ ಪ್ರಸ್ತಾಪ ಬರಹದಲ್ಲಿ ಮೊದಲು ಎಲ್ಲಿ ಬರ್ತದೋ ಅಲ್ಲಿನ ಸರದಿಯ ಸಂಖ್ಯೆ ಕೊಡಬೇಕು. ಇದನ್ನ ಬಹಳ ಜನ ಮರೀತಾರೆ. ಲೇಖಕರು ಆರಕ್ಕಿಂತ ಹೆಚ್ಚಿದ್ದರೆ ಮೊದಲ ಆರು ಹೆಸರು ಬರೆದು "ಎಟ್ ಆಲ್" ಹಾಕಿ ಅನ್ನೋ ಜರ್ನಲ್‌ಗಳೇ ಜಾಸ್ತಿ. ಆದರೂ ಕಳಿಸುವ ಜರ್ನಲ್‌ನ ಸೂಚನೆ ಓದಿಯೇ ಮುಂದುವರೀರಿ.

ಈಗ ನಮ್ಮ ಹೆಸರಿನ ಕಥೆ

ಈ ಪದ್ಧತಿ ಎಲ್ಲರಿಗೂ ಅಡ್ಡಹೆಸರು ಇದ್ದೇ ಇರ್ತದೆ, ಅದು ಕೊನೆಯಲ್ಲೇ ಇರ್ತದೆ ಅಂತ ನಂಬಿಕೊಂಡಿದೆ. ನಮ್ಮಲ್ಲಿ ಹಂಗಿಲ್ಲ ನೋಡ್ರಿ. ಹಾವೇರಿ, ಧಾರವಾಡದ ಕಡೆ ಸ್ವಂತ ಹೆಸರು, ತಂದೆ ಹೆಸರು, ಕೊನೆಗೆ ಅಡ್ಡಹೆಸರು ಬರೆಯೋದು ರೂಢಿ. ಎಷ್ಟೋ ಮನೆತನಗಳಿಗೆ ಊರಿನ ಹೆಸರೇ ಅಡ್ಡಹೆಸರು. ಮೈಸೂರು, ಬೆಂಗಳೂರು ಕಡೆ ಊರು ಮತ್ತು ತಂದೆಯ ಹೆಸರು ಇನಿಷಿಯಲ್ ಆಗಿ ಮುಂದೆ ಕೂರ್ತವೆ, ಅಡ್ಡಹೆಸರೇ ಇರೋದಿಲ್ಲ.

ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನ ಒಬ್ಬ ಹುಡುಗ ಇದ್ದಾನೆ, ಹೆಸರು ಮಂಜುನಾಥ ಬಸಪ್ಪ ಕುಪ್ಪೇಲೂರ ಅಂತ ಇಟ್ಕೊಳ್ರಿ. ಮೊದಲ ಪೇಪರಿನಲ್ಲಿ ಹೆಸರನ್ನು ಪೂರ್ತಿ ಬರೆದ. ರೆಫರೆನ್ಸ್‌ನಲ್ಲಿ ಅವನು "ಕುಪ್ಪೇಲೂರ ಎಂಬಿ" ಆದ. ಬೆಂಗಳೂರಿಗೆ ಹೋದ ಮೇಲೆ ಅಲ್ಲಿನವರ ಹಾಗೆ "ಕೆ. ಬಿ. ಮಂಜುನಾಥ" ಅಂತ ಬರೆದ, ಆಗ "ಮಂಜುನಾಥ ಕೆಬಿ" ಆದ. ಮೂರನೇ ಪೇಪರಿನಲ್ಲಿ ಅಂಕಪಟ್ಟಿಯಲ್ಲಿ ಇದ್ದ ಹಾಗೆ "ಮಂಜುನಾಥ ಕೆ ಬಿ" ಅಂತ ಕೊಟ್ಟ. ಕೊನೆಯ ತುಂಡೇ ಅಡ್ಡಹೆಸರು ಅಂತ ತಿಳಿದ ಸಾಫ್ಟ್‌ವೇರ್ ಅವನನ್ನ "ಬಿ ಎಂಕೆ" ಮಾಡಿಬಿಟ್ಟಿತು!

ಮನುಷ್ಯ ಒಬ್ಬ, ಪಟ್ಟಿಯಲ್ಲಿ ಮೂವರು. ಮುಂದೆ ಪಿಎಚ್‌ಡಿಗೋ ಕೆಲಸಕ್ಕೋ ಅರ್ಜಿ ಹಾಕಿದಾಗ ಅವನ ಕೆಲಸ ಹುಡುಕಿದವರಿಗೆ ಮೂರರಲ್ಲಿ ಒಂದು ಪೇಪರ್ ಸಿಗ್ತದೆ. ಅದೇ ಕಾಯಿಲೆ ಬಗ್ಗೆ ಓದ್ತಿರುವ ಡಾಕ್ಟರಿಗೂ ಉಳಿದೆರಡು ತಪ್ಪಿಹೋಗಬಹುದು. ಇನ್ನೊಂದು ವಿಷಯ: ಈ ಪದ್ಧತಿಯ ಮೂಲ ಮಾದರಿಯಲ್ಲಿ ಹೆಚ್ಚೆಂದರೆ ಎರಡು ಇನಿಷಿಯಲ್‌ಗೆ ಜಾಗ. ಮೂರು ಇನಿಷಿಯಲ್ ಇರೋರು ಒಂದನ್ನ ಅಲ್ಲೇ ಕಳ್ಕೊಳ್ತಾರೆ.

ಪರಿಹಾರ ನಮ್ಮ ಕೈಯಲ್ಲೇ ಇದೆ

ಬಿಬ್‌ಟೆಕ್ ಬಳಸೋರು ಲೇಖಕರ ಹೆಸರನ್ನು ಯಾವಾಗಲೂ ಅಲ್ಪವಿರಾಮ ಹಾಕಿಯೇ ಕೊಡಿ: "ಕುಪ್ಪೇಲೂರ, ಮಂಜುನಾಥ ಬಿ" ಅಥವಾ "ಮಂಜುನಾಥ, ಕೆ ಬಿ". ಅಲ್ಪವಿರಾಮದ ಹಿಂದಿರೋದು ಅಡ್ಡಹೆಸರು ಅಂತ ಪ್ರೋಗ್ರಾಂಗೆ ಆಗ ಅನುಮಾನ ಉಳಿಯೋದಿಲ್ಲ. ಜೊಟೆರೊದಲ್ಲಿ ಎರಡು ಪ್ರತ್ಯೇಕ ಖಾನೆಗಳಿವೆ, ಆಮದಾದ ತಕ್ಷಣ ಅವನ್ನ ಕಣ್ಣಾರೆ ನೋಡಿ. ಸಂಸ್ಥೆಯ ಹೆಸರಿದ್ದರೆ ಬಿಬ್‌ಟೆಕ್‌ನಲ್ಲಿ ಜೋಡಿ ಪುಷ್ಪಾವರಣ ಹಾಕಿ. ಇಲ್ಲದಿದ್ದರೆ ವರ್ಲ್ಡ್ ಹೆಲ್ತ್ ಆರ್ಗನೈಸೇಷನ್ ಕೂಡ "ಆರ್ಗನೈಸೇಷನ್ ಡಬ್ಲ್ಯುಎಚ್" ಅನ್ನೋ ಮನುಷ್ಯ ಆಗಿಬಿಡ್ತದೆ.

ಬೇರೆಯವರ ಹೆಸರಿನಲ್ಲಿ ಅನುಮಾನ ಬಂದರೆ ಊಹೆ ಮಾಡಬೇಡಿ. ಪೇಪರಿನ ಮೊದಲ ಪುಟ ತೆರೆಯಿರಿ. ಈ ಲೇಖನವನ್ನು ಹೀಗೆ ಉಲ್ಲೇಖಿಸಿ ಅಂತ ನಮ್ಮ ದೇಶದ ಬಹಳಷ್ಟು ಜರ್ನಲ್‌ಗಳು ಅಲ್ಲೇ ಅಚ್ಚು ಹಾಕಿರ್ತಾವೆ.

ನಿಮ್ಮ ಹೆಸರಿನ ವಿಚಾರಕ್ಕೆ ಬಂದರೆ, ಮೊದಲ ಪೇಪರಿಗೂ ಮುಂಚೆ ಒಂದು ರೂಪ ಗಟ್ಟಿ ಮಾಡ್ಕೊಳ್ಳಿ, ಆಮೇಲೆ ಬದಲಾಯಿಸಬೇಡಿ. ಊರಿನ ಹೆಸರನ್ನು ಅಡ್ಡಹೆಸರಾಗಿ ಇಟ್ಕೊಳ್ಳೋದರಲ್ಲಿ ಲಾಭವೂ ಇದೆ: ಮಂಜುನಾಥರು ಸಾವಿರಾರು ಜನ, ಕುಪ್ಪೇಲೂರರು ಕಡಿಮೆ. ಜೊತೆಗೆ ಆರ್ಕಿಡ್ ಐಡಿ ಮಾಡಿಸಿ. 2012ರಲ್ಲಿ ಶುರುವಾದ ಈ ಉಚಿತ ವ್ಯವಸ್ಥೆ ಪ್ರತಿ ಸಂಶೋಧಕರಿಗೂ 16 ಅಂಕಿಗಳ ಗುರುತು ಕೊಡ್ತದೆ. ಹೆಸರು ಹೇಗೇ ಅಚ್ಚಾದರೂ ಆ ಗುರುತು ಒಂದೇ.

ರೂಪ ಸರಿ ಇದ್ದರೆ ಸಾಕೇ?

ಸಾಲದು. 1980ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದೇ ಪ್ಯಾರಾದ ಪತ್ರ ಬಂತು. ಆಸ್ಪತ್ರೆಯಲ್ಲಿ ದಾಖಲಾಗಿದ್ದವರಿಗೆ ಅಫೀಮು ವರ್ಗದ ನೋವು ನಿವಾರಕ ಕೊಟ್ಟಾಗ ಚಟ ಹತ್ತಿದ್ದು ಅಪರೂಪ ಅಂತ ಅದರಲ್ಲಿತ್ತು. 2017ರಲ್ಲಿ ಲೆಕ್ಕ ಹಾಕಿದಾಗ ಅದನ್ನು 608 ಕಡೆ ಉಲ್ಲೇಖಿಸಿದ್ದು ಗೊತ್ತಾಯ್ತು. ಅವುಗಳಲ್ಲಿ 491 ಕಡೆ, ಆ ರೋಗಿಗಳು ಆಸ್ಪತ್ರೆಯಲ್ಲಿದ್ದವರು ಅನ್ನೋ ಮಾತೇ ಇರಲಿಲ್ಲ. ಚುಕ್ಕಿ, ಅಲ್ಪವಿರಾಮ ಸರಿಯಾಗಿ ಇಟ್ಟವರೂ ಮೂಲ ಓದದಿದ್ದರೆ ಹೀಗೇ ಆಗೋದು. ಚಾಟ್‌ಬಾಟ್ ಬರೆದುಕೊಟ್ಟ ರೆಫರೆನ್ಸ್ ಆದರಂತೂ ರೂಪ ಚೊಕ್ಕವಾಗಿರ್ತದೆ, ಆದರೆ ಅಂಥ ಲೇಖನವೇ ಇಲ್ಲದಿರಬಹುದು.

ಹಾಗಾಗಿ ಕಳಿಸುವ ಹಿಂದಿನ ದಿನ ತಂಡದವರು ರೆಫರೆನ್ಸ್ ಪಟ್ಟಿಯನ್ನು ಹಂಚಿಕೊಳ್ಳಿ. ಪ್ರತಿಯೊಂದರ ಡಿಒಐ ಕೊಂಡಿ ಒತ್ತಿ, ಲೇಖನ ತೆರೀತದಾ, ಹೆಸರು ಮತ್ತು ಪುಟ ಹೊಂದ್ತಾವಾ, ನಾವು ಹೇಳಿದ ಮಾತು ಅಲ್ಲಿದೆಯಾ ಅಂತ ನೋಡಿ. ಮೂವತ್ತು ರೆಫರೆನ್ಸ್ ಇದ್ದು ಮೂರು ಜನ ಕೂತರೆ ಒಂದು ಸಂಜೆಯ ಕೆಲಸ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಕಾಲೇಜಿನ ಲೈಬ್ರರಿಯನ್ ಹತ್ತಿರ ಹೋಗಿ ಕೇಳಿ, ಇದೆಲ್ಲ ಅವರ ವೃತ್ತಿಯೇ.