ಗಾಲ್ಫ್: ಕೈ ಮುಂದೆ, ಮೈ ಹಿಂದೆ ಆದರೆ ಚೆಂಡು ಬಲಕ್ಕೆ! ಒಂದು ಟವೆಲ್ ಸಾಕು ಸರಿಪಡಿಸಲು

ಮಡಿಕೇರಿ: ಎಷ್ಟೇ ಜೋರಾಗಿ ಬೀಸಿದರೂ ಚೆಂಡು ದೂರ ಹೋಗಲ್ಲ. ಹೋದರೂ ನೇರ ಹೋಗಲ್ಲ, ಬಲಕ್ಕೆ ತಿರುಗಿ ಬೇಲಿ ಸೇರುತ್ತೆ. ಮರುದಿನ ಅಂಗಡಿ ಗಲ್ಲಾದಲ್ಲಿ ಕೂತರೆ ಸೊಂಟ ಹಿಡಿದುಕೊಂಡಿರುತ್ತೆ. ಗಾಲ್ಫ್ ಹೊಸದಾಗಿ ಕಲಿಯುವವರ ಸಾಮಾನ್ಯ ದೂರು ಇದು. ತೋಳಲ್ಲಿ ಬಲ ಸಾಲದು ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ನಿಜವಾದ ತೊಂದರೆ ಬೇರೆ: ಕೈ ಮತ್ತು ಮೈ ಒಟ್ಟಿಗೆ ಕೆಲಸ ಮಾಡುತ್ತಿರುವುದಿಲ್ಲ.

ಮಡಿಕೇರಿ, ಬಿಟ್ಟಂಗಾಲ, ಪಾಲಿಬೆಟ್ಟದಲ್ಲಿ ಗಾಲ್ಫ್ ಮೈದಾನಗಳಿರುವ ಕೊಡಗಿನಲ್ಲಿ ಇನ್ನೊಂದು ವಿಷಯವೂ ಇದೆ. ಇಲ್ಲಿ ಹಾಕಿ ಹಿಡಿದು ಬೆಳೆದ ಕೈಗಳೇ ಹೆಚ್ಚು.

ಹಾಕಿ ಅಭ್ಯಾಸ ನೆರವೋ, ತೊಡಕೋ?

ಎರಡೂ ಹೌದು. ಎಡಗೈ ಮೇಲೆ, ಬಲಗೈ ಕೆಳಗೆ ಹಿಡಿಯುವುದು ಎರಡು ಆಟದಲ್ಲೂ ಒಂದೇ. ಹೊಡೆಯುವಾಗ ಭಾರ ಎಡಗಾಲಿಗೆ ಬರುವುದೂ ಒಂದೇ. ಆದರೆ ಹಾಕಿಯಲ್ಲಿ ಚೆಂಡು ಓಡುತ್ತಿರುತ್ತೆ, ಮಣಿಕಟ್ಟಿನಿಂದ ಕೊನೆ ಗಳಿಗೆಯಲ್ಲೂ ಸರಿ ಮಾಡಿಕೊಳ್ಳಬಹುದು. ಗಾಲ್ಫ್‌ನಲ್ಲಿ ಮೇಲಿನಿಂದ ಕ್ಲಬ್ ಕೆಳಗೆ ಬಂದು ಚೆಂಡಿಗೆ ತಾಗಲು ಸುಮಾರು ಕಾಲು ಸೆಕೆಂಡ್ ಸಾಕು. ಅಷ್ಟರಲ್ಲಿ ಯೋಚಿಸಿ ತಿದ್ದಲು ಆಗಲ್ಲ. ಕ್ರಮ ಮೊದಲೇ ಮೈಗೆ ಹತ್ತಿರಬೇಕು.

ಕ್ರಮ ಏನು?

ಲಾರಿಯಿಂದ ಮೂಟೆ ಇಳಿಸುವವರನ್ನು ನೋಡಿ. ಕಾಲು ಊರಿ, ಸೊಂಟ ತಿರುಗಿಸಿ, ಕೊನೆಗೆ ಕೈ ಬಿಡುತ್ತಾರೆ. ಬರೀ ತೋಳಲ್ಲಿ ಎತ್ತಿ ಎಸೆಯಲು ಹೋದರೆ ನಾಲ್ಕು ಮೂಟೆಗೇ ಸುಸ್ತು. ಸ್ವಿಂಗ್ ಕೂಡ ಹಾಗೇ.

ಕ್ಲಬ್ ಹಿಂದಕ್ಕೆ ಒಯ್ಯುವಾಗ ಕೈ, ಭುಜ, ಎದೆ ಒಟ್ಟಿಗೆ ಹೊರಡಬೇಕು. ಪೂರ್ತಿ ಸ್ವಿಂಗ್‌ನಲ್ಲಿ ಭುಜ ಸುಮಾರು 90 ಡಿಗ್ರಿ, ಸೊಂಟ ಅದರ ಅರ್ಧದಷ್ಟು ತಿರುಗುತ್ತೆ. ಭುಜ ನಿಂತ ಮೇಲೂ ಕೈ ಮೇಲೇರುತ್ತಾ ಹೋದರೆ ಅಲ್ಲೇ ಕೊಂಡಿ ತಪ್ಪಿತು.

ಕೆಳಗೆ ಬರುವಾಗ ಕ್ರಮ ನೆಲದಿಂದ ಶುರು: ಮೊದಲು ಕಾಲು-ಸೊಂಟ, ಆಮೇಲೆ ಎದೆ, ನಂತರ ತೋಳು, ಕೊನೆಗೆ ಕ್ಲಬ್. ಕೈ ಅವಸರ ಮಾಡಿ ಮೊದಲೇ ಹೊರಟರೆ ಕ್ಲಬ್ ಹೊರಗಿನಿಂದ ಒಳಕ್ಕೆ ಚೆಂಡನ್ನು ಕತ್ತರಿಸುತ್ತೆ. ಚೆಂಡು ಬಲಕ್ಕೆ ತಿರುಗುವುದು ಬಹಳ ಸಲ ಇದರಿಂದಲೇ. ಮೈ ತೀರಾ ಬೇಗ ತಿರುಗಿ ಕೈ ಹಿಂದೆ ಉಳಿದರೂ ಕಷ್ಟವೇ. (ಇದೆಲ್ಲ ಬಲಗೈ ಆಟಗಾರರಿಗೆ. ಎಡಗೈಯವರು ಅದಲುಬದಲು ಮಾಡಿಕೊಳ್ಳಬೇಕು.)

ಟವೆಲ್ ಅಭ್ಯಾಸ

ಅಮೆರಿಕದ ದಿಗ್ಗಜ ಬೆನ್ ಹೋಗನ್ 1957ರ ತಮ್ಮ ಪುಸ್ತಕದಲ್ಲೇ ಮೇಲ್ತೋಳು ಎದೆಗೆ ಹತ್ತಿರವಿರಬೇಕು ಎಂದಿದ್ದರು. ಫಿಜಿಯ ವಿಜಯ್ ಸಿಂಗ್ ಅಭ್ಯಾಸದಲ್ಲಿ ಎಡ ಕಂಕುಳಲ್ಲಿ ಗ್ಲೌಸ್ ಇಟ್ಟುಕೊಳ್ಳುತ್ತಿದ್ದರು. ಮನೆಯಲ್ಲಿ ಟವೆಲ್ ಸಾಕು.

1. ಟವೆಲ್ ಅನ್ನು ಎದೆಗೆ ಅಡ್ಡಲಾಗಿ ಹಿಡಿದು ಎರಡೂ ಕಂಕುಳಲ್ಲಿ ಸಿಕ್ಕಿಸಿ. ಬಿಗಿಯಾಗಿ ಒತ್ತಬೇಡಿ, ಬೀಳದಷ್ಟು ಸಾಕು.

2. ಗಿಡ್ಡ ಕ್ಲಬ್ ಹಿಡಿದು ಕೈ ಸೊಂಟದ ಎತ್ತರಕ್ಕೆ ಬರುವಷ್ಟು ಮಾತ್ರ ಹಿಂದಕ್ಕೆ, ಅಷ್ಟೇ ಮುಂದಕ್ಕೆ ಬೀಸಿ. ಎದೆ ತಿರುಗದೆ ಬರೀ ಕೈ ಹೋದರೆ ಟವೆಲ್ ಬಿದ್ದೇ ಬೀಳುತ್ತೆ.

3. ಹತ್ತು ಸಲ ಬೀಳದಿದ್ದರೆ ಚೆಂಡು ಇಟ್ಟು ನಿಧಾನಕ್ಕೆ ಹೊಡೆಯಿರಿ.

4. ನಂತರ ಎರಡೂ ಪಾದ ಜೋಡಿಸಿ ನಿಂತು ಅರ್ಧ ಸ್ವಿಂಗ್ ಮಾಡಿ. ಕೈ ಅವಸರ ಮಾಡಿದರೆ ತೂಕ ತಪ್ಪಿ ವಾಲುತ್ತೀರಿ. ಅದೇ ನಿಮ್ಮ ಗುರು.

ಒಂದು ಎಚ್ಚರಿಕೆ: ಪೂರ್ತಿ ಸ್ವಿಂಗ್‌ನಲ್ಲಿ, ಅದರಲ್ಲೂ ಉದ್ದದ ಡ್ರೈವರ್ ಹಿಡಿದಾಗ, ಬಲತೋಳು ಸ್ವಲ್ಪ ಎದೆ ಬಿಟ್ಟು ಬರುವುದು ಸಹಜ. ಆಗ ಟವೆಲ್ ಬಿದ್ದರೆ ತಪ್ಪಲ್ಲ.

ಸೊಂಟದ ಮಾತು

ಹವ್ಯಾಸಿ ಗಾಲ್ಫ್ ಆಟಗಾರರನ್ನು ಹೆಚ್ಚು ಕಾಡುವ ನೋವುಗಳಲ್ಲಿ ಕೆಳಬೆನ್ನಿನದು ಮುಖ್ಯ. ದಿನವಿಡೀ ಕೂತು ವ್ಯಾಪಾರ ಮಾಡುವವರ ಬೆನ್ನು, ಸೊಂಟ ಮೊದಲೇ ಬಿಗಿದಿರುತ್ತೆ. ಭಾನುವಾರ ನೇರ ಮೈದಾನಕ್ಕಿಳಿದು ಪೂರ್ತಿ ಬಲದಿಂದ ಬೀಸಿದರೆ ಆ ಹೊರೆಯೆಲ್ಲ ಬೆನ್ನಿಗೇ ಬೀಳುತ್ತೆ. ಹತ್ತು ನಿಮಿಷ ನಡೆದು, ಕೈ ಎದೆಗೆ ಕಟ್ಟಿ ಎಡಕ್ಕೆ ಬಲಕ್ಕೆ ನಿಧಾನವಾಗಿ ತಿರುಗಿ ಆಮೇಲೆ ಶುರು ಮಾಡಿ. ನೋವು ಕಾಲಿಗೆ ಇಳಿದರೆ ಅಥವಾ ಕೆಲ ದಿನವಾದರೂ ಹೋಗದಿದ್ದರೆ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ದೂರವೇ ಎಲ್ಲ ಅಲ್ಲ

2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೇ ಸ್ಥಾನ ಪಡೆದರು. ಪದಕ ತಪ್ಪಿದ್ದು ಒಂದೇ ಹೊಡೆತದಲ್ಲಿ. ದೂರ ಹೊಡೆಯುವವರ ಸಾಲಿನಲ್ಲಿ ಅವರಿರಲಿಲ್ಲ. ಗುರಿ ತಪ್ಪದ ಆಟದಿಂದಲೇ ಅಲ್ಲಿವರೆಗೆ ಬಂದರು.

ಹಾಗಾಗಿ ದುಬಾರಿ ಕ್ಲಬ್ ಕೊಳ್ಳುವ ಮೊದಲು ಬೆಳಿಗ್ಗೆ ಶಟರ್ ಎತ್ತುವ ಮುಂಚೆ ಐದು ನಿಮಿಷ ಟವೆಲ್ ಹಿಡಿಯಿರಿ. ಕ್ಲಬ್ ಬೀಸುವ ಮುನ್ನ ಹಿಂದೆ ಮುಂದೆ ಯಾರೂ ಇಲ್ಲ ಅಂತ ನೋಡಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.