ಅಗಲಿದ ಗೆಳೆಯನಿಗೆ ಹದಿಮೂರು ಹಾಡುಗಳ ನಮನ

ತೀರಿಹೋದವರನ್ನು ನೆನೆಯುವ ಬಗೆ ಊರಿಗೊಂದು, ಮನೆಗೊಂದು. ಕೆಲವರು ತಿಥಿ ಮಾಡುತ್ತಾರೆ, ಕೆಲವರು ನಾಲ್ಕು ಜನಕ್ಕೆ ಊಟ ಹಾಕುತ್ತಾರೆ, ಏನೂ ಆಗದಿದ್ದರೆ ಫೋಟೊಗೆ ಒಂದು ಮೊಳ ಹೂ ಹಾಕಿ ಕೈಮುಗಿಯುತ್ತಾರೆ. ಆದರೆ ಹೋದವನು ಹಾಡುಗಾರನಾಗಿದ್ದರೆ? ಅವನ ಹಾಡನ್ನೇ ಹಾಡಬೇಕು, ಅದಕ್ಕಿಂತ ಒಳ್ಳೆಯ ಹಾರ ಬೇರೆ ಯಾವುದಿದೆ ಹೇಳಿ?

ಅಮೆರಿಕದ ಗಾಯಕಿ ಎಮ್ಮಿಲೂ ಹ್ಯಾರಿಸ್ ಮಾಡಿದ್ದು ಇದನ್ನೇ. ತನಗೆ ಹಾಡಿನ ದಾರಿ ತೋರಿಸಿದ ಗ್ರಾಮ್ ಪಾರ್ಸನ್ಸ್ ಎಂಬ ಗಾಯಕನ ನೆನಪಿಗಾಗಿ ಆಕೆ ಮುಂದೆ ನಿಂತು 1999ರಲ್ಲಿ ಒಂದು ಆಲ್ಬಂ ಹೊರತಂದಳು. ಹೆಸರು ‘ರಿಟರ್ನ್ ಆಫ್ ದ ಗ್ರೀವಸ್ ಏಂಜೆಲ್’. ನೊಂದ ದೇವದೂತ ಮರಳಿ ಬಂದ ಅಂತ ಅರ್ಥ ಮಾಡಿಕೊಳ್ಳಬಹುದು. ಅದರಲ್ಲಿರುವುದು ಹದಿಮೂರು ಹಾಡು. ಆ ಹೊತ್ತಿಗೆ ಗ್ರಾಮ್ ತೀರಿಕೊಂಡು ಹೆಚ್ಚುಕಡಿಮೆ ಇಪ್ಪತ್ತಾರು ವರ್ಷವಾಗಿತ್ತು. ಆತ ಈ ಭೂಮಿಯ ಮೇಲೆ ಬದುಕಿದ್ದೂ ಇಪ್ಪತ್ತಾರೇ ವರ್ಷ!

ಸಿರಿವಂತರ ಮನೆಯ ನೊಂದ ಹುಡುಗ

ಗ್ರಾಮ್ ಹುಟ್ಟಿದ್ದು 1946ರ ನವೆಂಬರ್ 5ರಂದು, ಫ್ಲಾರಿಡಾದಲ್ಲಿ. ಬೆಳೆದದ್ದು ಪಕ್ಕದ ಜಾರ್ಜಿಯಾ ರಾಜ್ಯದ ವೇಕ್ರಾಸ್ ಎಂಬ ಸಣ್ಣ ಊರಿನಲ್ಲಿ. ತಾಯಿಯ ತವರು ಕಿತ್ತಳೆ ತೋಟಗಳ ದೊಡ್ಡ ಮನೆತನ. ದುಡ್ಡಿಗೆ ಏನೂ ಕೊರತೆಯಿರಲಿಲ್ಲ, ಕೊರತೆಯಿದ್ದದ್ದು ನೆಮ್ಮದಿಗೆ. ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸಿದ್ದ ತಂದೆ, 1958ರ ಕ್ರಿಸ್‌ಮಸ್ ಹಬ್ಬಕ್ಕೆ ಇನ್ನೆರಡೇ ದಿನ ಇರುವಾಗ ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಆಗ ಹುಡುಗನಿಗೆ ಹನ್ನೆರಡು ವರ್ಷ. ತಾಯಿ ಮರುಮದುವೆಯಾದರು. ಪಾರ್ಸನ್ಸ್ ಎನ್ನುವುದು ಆ ಮಲತಂದೆಯ ಹೆಸರು. ಆದರೆ ಕುಡಿತ ಆ ತಾಯಿಯ ಯಕೃತ್ತನ್ನೇ ತಿಂದುಹಾಕಿತು. 1965ರಲ್ಲಿ ಮಗ ಹೈಸ್ಕೂಲು ಮುಗಿಸಿದ ದಿನವೇ ಆಕೆ ಕಣ್ಣು ಮುಚ್ಚಿದರು.

ಇಂಥ ಮಗುವಿಗೆ ಹಾಡೇ ತಾಯಿಮಡಿಲಾಯಿತು ಎಂದರೆ ಆಶ್ಚರ್ಯವೇನು? ಒಂಬತ್ತರ ವಯಸ್ಸಿನಲ್ಲಿ ತನ್ನೂರಿಗೇ ಬಂದಿದ್ದ ಎಲ್ವಿಸ್ ಪ್ರೀಸ್ಲಿಯ ಹಾಡು ಕೇಳಿ ಮರುಳಾಗಿದ್ದ. ಮುಂದೆ ಹಾರ್ವರ್ಡ್ ಎಂಬ ಹೆಸರಾಂತ ವಿಶ್ವವಿದ್ಯಾಲಯಕ್ಕೆ ಸೇರಿದರೂ ಪಾಠಕ್ಕಿಂತ ಗಿಟಾರೇ ಹೆಚ್ಚಾಗಿ, ಒಂದು ವರ್ಷವೂ ನಿಲ್ಲದೆ ಹೊರಬಿದ್ದ.

ಹಳ್ಳಿಯ ಹಾಡು, ಪೇಟೆಯ ಗದ್ದಲ

ಆತ ಮಾಡಿದ ದೊಡ್ಡ ಕೆಲಸವಾದರೂ ಏನು ಅಂತ ನೀವು ಕೇಳಬಹುದು. ಅಮೆರಿಕದ ದಕ್ಷಿಣದ ಹಳ್ಳಿಗಳಲ್ಲಿ ಪಿಟೀಲು, ಗಿಟಾರು ಹಿಡಿದು ಹಾಡುವ ಸಂಗೀತಕ್ಕೆ ‘ಕಂಟ್ರಿ’ ಎಂದು ಹೆಸರು. ಮನೆ, ಊರು, ದೇವರು, ಕೈಕೊಟ್ಟ ಪ್ರೀತಿ, ಕುಡಿತ, ಪಶ್ಚಾತ್ತಾಪ ಇವೇ ಅದರ ವಸ್ತು. ‘ರಾಕ್’ ಎನ್ನುವುದು ಪೇಟೆ ಹುಡುಗರ ಡೋಲು ಬಡಿತದ, ವಿದ್ಯುತ್ ಗಿಟಾರಿನ ಸಂಗೀತ. 1960ರ ದಶಕದಲ್ಲಿ ಇವರಿಗೂ ಅವರಿಗೂ ಎಣ್ಣೆ-ಸೀಗೆಕಾಯಿ. ಉದ್ದ ಕೂದಲಿನ ಹುಡುಗರನ್ನು ಕಂಡರೆ ಹಳ್ಳಿಯವರಿಗೆ ಆಗದು. ಹಳ್ಳಿಯ ಹಾಡೆಂದರೆ ಪೇಟೆಯವರಿಗೆ ತಾತ್ಸಾರ. ಗ್ರಾಮ್ ಈ ಎರಡನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿದ. ಜನ ಅದನ್ನು ‘ಕಂಟ್ರಿ-ರಾಕ್’ ಎಂದರು. ಆತನಿಗೆ ಮಾತ್ರ ಆ ಹೆಸರು ಹಿಡಿಸಲಿಲ್ಲ, ತನ್ನದು ‘ಕಾಸ್ಮಿಕ್ ಅಮೆರಿಕನ್ ಮ್ಯೂಸಿಕ್’ ಎನ್ನುತ್ತಿದ್ದ.

1968ರಲ್ಲಿ ‘ದ ಬರ್ಡ್ಸ್’ ಎಂಬ ಪ್ರಸಿದ್ಧ ತಂಡಕ್ಕೆ ಸೇರಿ ‘ಸ್ವೀಟ್‌ಹಾರ್ಟ್ ಆಫ್ ದ ರೋಡಿಯೊ’ ಎಂಬ ಆಲ್ಬಂ ಮಾಡಿದ. ಅದೇ ವರ್ಷ ಮಾರ್ಚ್‌ನಲ್ಲಿ ಕಂಟ್ರಿ ಸಂಗೀತದವರಿಗೆ ದೇವಸ್ಥಾನವೇ ಆದ ‘ಗ್ರ್ಯಾಂಡ್ ಓಲ್ ಆಪ್ರಿ’ ವೇದಿಕೆಗೆ ಈ ತಂಡ ಹೋಯಿತು. ಸಭಿಕರು ಗೇಲಿ ಮಾಡಿದರು. ಗ್ರಾಮ್ ಜಗ್ಗಲಿಲ್ಲ. ಮೊದಲೇ ಹೇಳಿದ್ದ ಹಾಡನ್ನು ಬಿಟ್ಟು, ಇದು ನನ್ನ ಅಜ್ಜಿಗೆ ಎಂದು ಹೇಳಿ ‘ಹಿಕರಿ ವಿಂಡ್’ ಹಾಡಿಬಿಟ್ಟ. ಬಿಟ್ಟುಬಂದ ಊರಿನ ಮರ, ಗಾಳಿ ನೆನೆದು ಹಂಬಲಿಸುವ ಹಾಡು ಅದು. ಸಂಘಟಕರಿಗೆ ಕೋಪ ಬಂತು, ಆದರೆ ಹಾಡು ಉಳಿಯಿತು.

ಕೆಲವೇ ತಿಂಗಳಲ್ಲಿ ತಂಡ ದಕ್ಷಿಣ ಆಫ್ರಿಕಾಕ್ಕೆ ಹೊರಟಾಗ, ಕರಿಯರನ್ನು ಬೇರೆಯಾಗಿ ಕೂರಿಸುವ ದೇಶದಲ್ಲಿ ಹಾಡಲಾರೆ ಎಂದು ತಂಡವನ್ನೇ ಬಿಟ್ಟ. ಆಮೇಲೆ ಕ್ರಿಸ್ ಹಿಲ್ಮನ್ ಎಂಬ ಗೆಳೆಯನ ಜೊತೆ ‘ಫ್ಲೈಯಿಂಗ್ ಬುರಿಟೊ ಬ್ರದರ್ಸ್’ ಕಟ್ಟಿ 1969ರಲ್ಲಿ ‘ದ ಗಿಲ್ಡೆಡ್ ಪ್ಯಾಲೇಸ್ ಆಫ್ ಸಿನ್’ ತಂದ.

ಕಸೂತಿ ಬಲ್ಲ ಸೋದರಿಯರಿಗೆ ಒಂದು ಮಾತು. ಆ ಆಲ್ಬಂಗಾಗಿ ಗ್ರಾಮ್ ಹೊಲಿಸಿಕೊಂಡ ಬಿಳಿ ಸೂಟು ಹೆಸರುವಾಸಿ. ಮ್ಯಾನ್ಯುಯೆಲ್ ಎಂಬ ನುರಿತ ದರ್ಜಿಯ ಕೈಕೆಲಸ ಅದು. ಬೆನ್ನ ಮೇಲೆ ದೊಡ್ಡ ಶಿಲುಬೆ, ಕಾಲುಗಳಲ್ಲಿ ಮೇಲಕ್ಕೇರುವ ಬೆಂಕಿ ನಾಲಿಗೆ, ಉಳಿದ ಕಡೆ ಗಸಗಸೆ ಹೂ, ಗಾಂಜಾ ಎಲೆ, ಮಾತ್ರೆಗಳು! ನೋಡಲು ಚಂದ, ನಿಜ. ಆದರೆ ತನ್ನನ್ನು ಸುಡಲಿರುವುದು ಯಾವುದು ಎಂದು ಆ ಹುಡುಗ ಮೈಮೇಲೆ ಹೊಲಿಸಿಕೊಂಡೇ ತಿರುಗಿದ ಹಾಗಿದೆ.

ಜೊತೆದನಿ ಸಿಕ್ಕಿತು

ಇಲ್ಲಿ ಎಮ್ಮಿಲೂ ಬರುತ್ತಾಳೆ. ಮದುವೆ ಮುರಿದು, ಕಂಕುಳಲ್ಲಿ ಕೂಸು ಹೊತ್ತು ತವರಿಗೆ ಬಂದಿದ್ದ ಹೆಣ್ಣು. ಮೊದಲ ಆಲ್ಬಂ ಸೋತಿತ್ತು. ಹೊಟ್ಟೆಪಾಡಿಗೆ ವಾಷಿಂಗ್ಟನ್ ನಗರದ ಸಣ್ಣಪುಟ್ಟ ಕ್ಲಬ್ಬುಗಳಲ್ಲಿ ರಾತ್ರಿ ಹಾಡುತ್ತಿದ್ದಳು. 1971ರಲ್ಲಿ ಆಕೆಯ ಹಾಡು ಕೇಳಿದ ಹಿಲ್ಮನ್, ಈ ದನಿ ನಿನಗೆ ಬೇಕು ಎಂದು ಗ್ರಾಮ್‌ಗೆ ತಿಳಿಸಿದ. ಗ್ರಾಮ್ ಬಂದು ಕೇಳಿದ, ಮುಂದಿನ ವರ್ಷ ಲಾಸ್ ಏಂಜಲಿಸ್‌ಗೆ ಕರೆಸಿಕೊಂಡ.

ಅವರು ಹಾಡಿದ ಕ್ರಮಕ್ಕೆ ‘ಹಾರ್ಮನಿ’ ಎನ್ನುತ್ತಾರೆ. ನಮ್ಮ ಸೋಬಾನೆಯಲ್ಲಿ ಒಬ್ಬಾಕೆ ಹೇಳಿದ ಸೊಲ್ಲನ್ನು ಉಳಿದವರು ಅದೇ ಧಾಟಿಯಲ್ಲಿ ಎತ್ತಿಕೊಳ್ಳುತ್ತಾರಲ್ಲ, ಇದು ಹಾಗಲ್ಲ. ಇಬ್ಬರೂ ಒಂದೇ ಕಾಲಕ್ಕೆ ಒಂದೇ ಮಾತು ಹಾಡಬೇಕು, ಆದರೆ ಸ್ವರ ಬೇರೆ ಬೇರೆ. ಮುಖ್ಯ ದನಿಯ ಮೇಲೊಂದು ಎಳೆ ಜರಿಯಂತೆ ಎರಡನೇ ದನಿ ಸಾಗಬೇಕು. ತನ್ನದೇ ಜಂಬ ತೋರಿಸಿದರೆ ಕೆಟ್ಟಿತು, ತೀರಾ ಹಿಂಜರಿದರೂ ಕೆಟ್ಟಿತು. ಇನ್ನೊಬ್ಬರ ಉಸಿರನ್ನು ಆಲಿಸುತ್ತಾ ಹಾಡಬೇಕು. ಅವರಿಬ್ಬರ ದನಿ ‘ಜಿಪಿ’ (1973) ಮತ್ತು ‘ಗ್ರೀವಸ್ ಏಂಜೆಲ್’ ಎಂಬ ಎರಡು ಆಲ್ಬಂಗಳಲ್ಲಿ ಉಳಿದಿದೆ.

ಎರಡನೆಯದು ಅಂಗಡಿಗೆ ಬಂದದ್ದು 1974ರಲ್ಲಿ. ಅದನ್ನು ನೋಡಲು ಗ್ರಾಮ್ ಇರಲಿಲ್ಲ. 1973ರ ಸೆಪ್ಟೆಂಬರ್ 19ರಂದು, ಕ್ಯಾಲಿಫೋರ್ನಿಯಾದ ಜೋಷುವಾ ಟ್ರೀ ಮರುಭೂಮಿಯ ಅಂಚಿನ ಒಂದು ವಸತಿಗೃಹದಲ್ಲಿ ಮದ್ಯ ಮತ್ತು ಮಾರ್ಫಿನ್ ಸೇರಿ ಆತನ ಜೀವ ತೆಗೆದವು. ಮಗಳು ಪಾಲಿಗೆ ಆಗಿನ್ನೂ ಐದು ವರ್ಷ. ಸತ್ತ ಮೇಲಾದರೂ ನೆಮ್ಮದಿ ಸಿಕ್ಕಿತೇ? ಮರುಭೂಮಿಯಲ್ಲೇ ನನ್ನನ್ನು ಸುಡಿ ಎಂದು ಆತ ಹೇಳಿದ್ದನಂತೆ. ಆ ಮಾತು ನಡೆಸಲು ಇಬ್ಬರು ಸಂಗಡಿಗರು ವಿಮಾನ ನಿಲ್ದಾಣದಿಂದ ಶವಪೆಟ್ಟಿಗೆಯನ್ನೇ ಹಾರಿಸಿ, ಬಂಡೆಯೊಂದರ ಬಳಿ ಬೆಂಕಿಯಿಟ್ಟರು. ಅಳಿದುಳಿದದ್ದನ್ನು ಲೂಸಿಯಾನಾದಲ್ಲಿ ಮಣ್ಣು ಮಾಡಲಾಯಿತು. ಲೋಕ ಈ ಕಥೆಯನ್ನೇ ಬಾಯಿ ಚಪ್ಪರಿಸಿ ಹೇಳಿತೇ ಹೊರತು, ಹಾಡನ್ನು ಮರೆಯಿತು. ಆತ ಬದುಕಿದ್ದಾಗ ಮಾರಾಟವೂ ಅಷ್ಟಕ್ಕಷ್ಟೇ.

ಮರೆಯದೆ ಉಳಿದವಳು

ಎಮ್ಮಿಲೂ ಅಳುತ್ತಾ ಮೂಲೆ ಸೇರಲಿಲ್ಲ. ಗ್ರಾಮ್ ಜೊತೆ ನುಡಿಸಿದ್ದ ವಾದ್ಯಗಾರರನ್ನೇ ಸೇರಿಸಿಕೊಂಡು ತನ್ನ ತಂಡ ಕಟ್ಟಿದಳು. 1975ರ ‘ಪೀಸಸ್ ಆಫ್ ದ ಸ್ಕೈ’ ಆಲ್ಬಂನಲ್ಲಿ ಅವನ ಅಗಲಿಕೆಯ ಬಗ್ಗೆ ತಾನೇ ಸೇರಿ ಬರೆದ ‘ಬೋಲ್ಡರ್ ಟು ಬರ್ಮಿಂಗ್‌ಹ್ಯಾಂ’ ಹಾಡಿದಳು. ಹೋದಲ್ಲೆಲ್ಲ ಅವನ ಹಾಡುಗಳನ್ನೂ ಹಾಡಿದಳು. ಆಕೆಯ ದನಿ ಕೇಳಲು ಬಂದವರು ಅವನ ಹೆಸರನ್ನೂ ತಿಳಿದುಕೊಂಡು ಹೋದರು. 2008ರಲ್ಲಿ ಕಂಟ್ರಿ ಸಂಗೀತದ ‘ಹಾಲ್ ಆಫ್ ಫೇಮ್’ ಗೌರವ, 2015ರಲ್ಲಿ ಸ್ವೀಡನ್ನಿನ ಪೋಲಾರ್ ಪ್ರಶಸ್ತಿ ಆಕೆಗೆ ಬಂದವು.

1999ರ ನಮನದ ಆಲ್ಬಂ ಈ ವ್ರತದ ಉದ್ಯಾಪನೆ ಇದ್ದಂತೆ. ಅದರ ಹಿರಿಯ ನಿರ್ಮಾಪಕಿ ಎಮ್ಮಿಲೂ. ಮನಸ್ಸು ಮಾಡಿದ್ದರೆ ಹದಿಮೂರನ್ನೂ ತಾನೇ ಹಾಡಬಹುದಿತ್ತು. ಹಾಗೆ ಮಾಡಲಿಲ್ಲ ನೋಡಿ! ಮೂರರಲ್ಲಿ ಮಾತ್ರ, ಅದೂ ಜೊತೆದನಿಯಾಗಿ, ‘ಪ್ರಿಟೆಂಡರ್ಸ್’ ತಂಡ, ಬೆಕ್ ಮತ್ತು ಶೆರಿಲ್ ಕ್ರೋ ಪಕ್ಕದಲ್ಲಿ ನಿಂತಳು. ಉಳಿದದ್ದನ್ನು ಬೇರೆಯವರಿಗೆ, ಹೆಚ್ಚಾಗಿ ಕಿರಿಯರಿಗೆ ಬಿಟ್ಟುಕೊಟ್ಟಳು. ಗ್ರಾಮ್ ಹೆಸರು ಮಾಡುತ್ತಿದ್ದ ಕಾಲಕ್ಕೆ ಅವರಲ್ಲಿ ಹಲವರು ಇನ್ನೂ ಚಿಕ್ಕ ಮಕ್ಕಳು.

ಸಂಜೆ ಸೊಪ್ಪು ಬಿಡಿಸುತ್ತಾ ಮಗಳ ಫೋನಿನಲ್ಲಿ ಇದನ್ನು ನಾಲ್ಕಾರು ಸಲ ಕೇಳಿದೆ. ಇಂಗ್ಲಿಷ್ ಮಾತು ಎಲ್ಲ ಹಿಡಿಯಲಿಲ್ಲ, ಹಿಡಿಯಬೇಕಾಗಿಯೂ ಇಲ್ಲ. ಗಿಲಿಯನ್ ವೆಲ್ಚ್ ಹಾಡಿರುವ ‘ಹಿಕರಿ ವಿಂಡ್’ ಕೇಳಿದಾಗ ತವರಿನ ಹಿತ್ತಲು ನೆನಪಾಗದ ಹೆಣ್ಣುಮಗಳಿಲ್ಲ ಅಂದುಕೊಂಡೆ. ಶೀರ್ಷಿಕೆ ಗೀತೆಯನ್ನು ಲುಸಿಂಡಾ ವಿಲಿಯಮ್ಸ್ ತನ್ನ ಒಡಕು ದನಿಯಲ್ಲಿ ಹಾಡುತ್ತಾಳೆ. ಜೊತೆಗೆ ಡೇವಿಡ್ ಕ್ರಾಸ್ಬಿ. ಈತ ಗ್ರಾಮ್ ಸೇರುವ ಮುಂಚೆ ಅದೇ ‘ಬರ್ಡ್ಸ್’ ತಂಡದಲ್ಲಿದ್ದವನು. ಹಳೆಯ ಗೆಳೆಯ ಹಿಲ್ಮನ್ ಕೂಡ ಸ್ಟೀವ್ ಅರ್ಲ್ ಜೊತೆ ಹಾಡಿದ್ದಾನೆ. ಕೊನೆಯದು ‘ಇನ್ ಮೈ ಅವರ್ ಆಫ್ ಡಾರ್ಕ್‌ನೆಸ್’, ಅಂದರೆ ನನ್ನ ಕತ್ತಲ ಹೊತ್ತಿನಲ್ಲಿ. ಸತ್ತ ಗೆಳೆಯರನ್ನು ನೆನೆದು ಗ್ರಾಮ್ ಹಾಡಿದ್ದ ಪ್ರಾರ್ಥನೆ. ಅದನ್ನು ಹಾಡಿದ ವರ್ಷವೇ ಆತನೂ ಹೋದ. ಈಗ ಹಲವರು ಸೇರಿ ಅದನ್ನೇ ಅವನಿಗಾಗಿ ಹಾಡುತ್ತಾರೆ. ಕೈಯಲ್ಲಿದ್ದ ಸೊಪ್ಪು ಹಾಗೇ ನಿಂತಿತು.

ಮಗಳು ತೀರಿಸಿದ ಋಣ

ಕಥೆ ಇಲ್ಲಿಗೇ ಮುಗಿಯಲಿಲ್ಲ. 2004ರಲ್ಲಿ ಮಗಳು ಪಾಲಿ ಅಪ್ಪನ ನೆನಪಿಗೆ ಕ್ಯಾಲಿಫೋರ್ನಿಯಾದಲ್ಲಿ ಸಂಗೀತ ಸಭೆ ಏರ್ಪಡಿಸಿದಳು. ಗ್ರಾಮ್‌ನ ಹಳೆಯ ಗೆಳೆಯ, ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಬಂದು ಹಾಡಿದ. ಅವನ ಜೊತೆ ಹಾಡಿದವಳು ನಮ್ಮ ಸಿತಾರ್ ಪಂಡಿತ ರವಿಶಂಕರರ ಮಗಳು ನೋರಾ ಜೋನ್ಸ್! ಸಭೆಯಿಂದ ಬಂದ ನೆರವು ಹೋದದ್ದು ಎಲ್ಲಿಗೆ ಗೊತ್ತೇ? ಕುಡಿತ, ಮಾದಕ ವಸ್ತುಗಳ ಚಟಕ್ಕೆ ಬಿದ್ದ ಸಂಗೀತಗಾರರಿಗೆ ಚಿಕಿತ್ಸೆ ಕೊಡಿಸುವ ಸಂಸ್ಥೆಗೆ. ಅಜ್ಜಿಯನ್ನು ತಿಂದ, ಅಪ್ಪನನ್ನು ತಿಂದ ಪಿಡುಗು ಇನ್ನೊಬ್ಬರ ಮನೆಯ ದೀಪ ಆರಿಸದಿರಲಿ ಎಂದಲ್ಲವೇ?

ಗ್ರಾಮ್ ಬಾಳನ್ನು ನಾನು ಹೊಗಳಲಾರೆ. ಅಂಥ ಪ್ರತಿಭೆ ಇದ್ದೂ ಬಾಟಲಿಗೆ, ಸೂಜಿಗೆ ಬಲಿಯಾದದ್ದು ಮೆಚ್ಚುವ ಮಾತಲ್ಲ. ಮನೆಯಲ್ಲಿ ಎಳೆಯ ಮನಸ್ಸು ದುಃಖ ನುಂಗಿಕೊಂಡು ಕೂತಿದ್ದರೆ ಅದನ್ನು ಮಾತಾಡಿಸಬೇಕು, ಬರೀ ದುಡ್ಡು ಕೊಟ್ಟರೆ ಸಾಲದು ಎನ್ನುವುದಕ್ಕೆ ಈ ಕಥೆಯೇ ಸಾಕ್ಷಿ. ಆದರೆ ಎಮ್ಮಿಲೂ ತೋರಿದ ನಿಷ್ಠೆಗೆ ತಲೆಬಾಗುತ್ತೇನೆ. ಆತನ ತಪ್ಪುಗಳನ್ನು ಮಣ್ಣಿಗೆ ಬಿಟ್ಟು, ಒಳ್ಳೆಯದನ್ನು ಮಾತ್ರ ಉಡಿಯಲ್ಲಿ ತುಂಬಿಕೊಂಡು ಬಂದು ಹಂಚಿದಳು.

ನಾವೂ ಇದನ್ನು ಮಾಡಬಹುದು, ಸೋದರಿಯರೇ. ಅದಕ್ಕೆ ಸ್ಟುಡಿಯೊ ಬೇಡ. ನಿಮ್ಮತ್ತೆಯೋ, ಅಜ್ಜಿಯೋ, ಪಕ್ಕದ ಮನೆಯ ಹಿರಿಯರೋ ಹಾಡುವ ಬೀಸುವ ಪದ, ಆರತಿ ಹಾಡು, ಜೋಗುಳಗಳನ್ನು ಬಿಡುವಾದಾಗ ಕೂರಿಸಿಕೊಂಡು ಫೋನಿನಲ್ಲಿ ತುಂಬಿಸಿಡಿ. ಹೆಸರು, ತಾರೀಖು ಬರೆದಿಡಿ. ಜೊತೆಗೆ ಒಂದನ್ನಾದರೂ ನೀವೇ ಬಾಯಿಪಾಠ ಮಾಡಿ, ಮಕ್ಕಳ ಕೈಲೂ ಹಾಡಿಸಿ. ಯಂತ್ರದಲ್ಲಿಟ್ಟ ಹಾಡು ಒಂದು ದಿನ ಅಳಿಸಿಹೋದೀತು, ಮಕ್ಕಳ ಗಂಟಲಿಗಿಳಿದ ಹಾಡು ಅಷ್ಟು ಸುಲಭಕ್ಕೆ ಹೋಗುವುದಿಲ್ಲ.